ಹೆಲ್ಮೆಟ್ ಒಳಗೆ ಕೈ ಹಾಕಿ ನೋಡಿದವರು

ಕಳೆದ ತಿಂಗಳು ಇಲ್ಲಿನ ಕನ್ನಡ ಕೂಟದ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಒಬ್ಬ ಹುಡುಗ ಪರಿಚಯವಾದ. ಹಾಸನದ ಕಡೆಯವನು. ಮಿಷಿಗನ್‌ಗೆ ಬಂದು ಎರಡು ವರ್ಷವಾಗಿದೆ. ಈಗ ಮಾಜ್ಡಾ ಮಿಯಾಟಾ ಅನ್ನುವ ಪುಟ್ಟ ಸ್ಪೋರ್ಟ್ಸ್ ಕಾರು ತೆಗೆದುಕೊಂಡಿದ್ದಾನೆ, ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ, ಹೋಗಬೇಕಂತೆ. ಟೈರು, ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್, ಎಲ್ಲದರ ಬಗ್ಗೆ ಚೆನ್ನಾಗಿ ಓದಿಕೊಂಡಿದ್ದ. ಪಲ್ಯದ ಹತ್ತಿರ ಬರುವಾಗ ಕೇಳಿದ: "ಅಣ್ಣಾ, ಊರಿಂದ ತಂದ ಬೈಕ್ ಹೆಲ್ಮೆಟ್ ಇದೆ. ಐಎಸ್‌ಐ ಮಾರ್ಕಿಂದು, ಒಳ್ಳೇದೇ. ಅದೇ ಸಾಕಲ್ವಾ?"

ಸಾಕಾಗಲ್ಲ ಅಂದೆ. ಯಾಕೆ ಅಂತ ಹೇಳುವಷ್ಟರಲ್ಲಿ ಸಾಲು ಮುಂದೆ ಹೋಯಿತು. ಅವತ್ತು ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಪೂರ್ತಿ ಮಾಡುತ್ತೇನೆ. ಅವನಂಥವರು ಇನ್ನೂ ಎಷ್ಟೋ ಜನ ಇದ್ದಾರೆ, ಇಲ್ಲೂ, ಊರಲ್ಲೂ.

ಹನ್ನೊಂದು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ. ಬೆಂಗಳೂರಲ್ಲಿ ಬೈಕಿಗೆ ಹಾಕುತ್ತಿದ್ದ ಹೆಲ್ಮೆಟ್ ಹಿಡಿದುಕೊಂಡು ಡೆಟ್ರಾಯಿಟ್ ಹತ್ತಿರ ಒಂದು ಆಟೋಕ್ರಾಸ್‌ಗೆ ಹೋದೆ. ಆಟೋಕ್ರಾಸ್ ಅಂದರೆ ದೊಡ್ಡ ಪಾರ್ಕಿಂಗ್ ಜಾಗದಲ್ಲಿ ಕೋನ್‌ಗಳನ್ನಿಟ್ಟು ದಾರಿ ಮಾಡಿರುತ್ತಾರೆ. ಒಬ್ಬೊಬ್ಬರೇ ಹೋಗಬೇಕು, ಯಾರು ಬೇಗ ಮುಗಿಸುತ್ತಾರೆ ಅನ್ನುವುದೇ ಆಟ. ಮೊದಲು ಕಾರು ಮತ್ತು ಹೆಲ್ಮೆಟ್ ತಪಾಸಣೆ ಆಗಬೇಕು. ಇಲ್ಲಿ ಅದಕ್ಕೆ ಟೆಕ್ ಅನ್ನುತ್ತಾರೆ, ನಮ್ಮ ಕಡೆ ಸ್ಕ್ರೂಟಿನಿ ಅನ್ನುತ್ತಾರಲ್ಲ, ಅದು. ಎಪ್ಪತ್ತರ ಆಸುಪಾಸಿನ ಒಬ್ಬರು ನನ್ನ ಹೆಲ್ಮೆಟ್ ತೆಗೆದುಕೊಂಡು ತಲೆಕೆಳಗು ಮಾಡಿದರು. ಒಳಗಿನ ಬಟ್ಟೆಯನ್ನು ಬೆರಳಿನಿಂದ ಸರಿಸಿ ಟಾರ್ಚ್ ಬಿಟ್ಟು ನೋಡಿದರು. ಆಮೇಲೆ ಮೆಲ್ಲಗೆ ವಾಪಸ್ ಕೊಟ್ಟು, ಕ್ಲಬ್ಬಿನ ಹೆಲ್ಮೆಟ್ ಒಂದನ್ನು ಕೈಗಿಟ್ಟು, "ಇವತ್ತು ಇದನ್ನು ಹಾಕಿಕೊ, ಸಂಜೆ ಮಾತಾಡೋಣ" ಅಂದರು.

ಬೆಂಗಳೂರಲ್ಲಿ ನನ್ನ ಹೆಲ್ಮೆಟನ್ನು ಎಷ್ಟೋ ಜನ ನೋಡಿದ್ದರು. ಎಲ್ಲರೂ ದೂರದಿಂದ, ತಲೆ ಮೇಲೆ ಇದೆಯೋ ಇಲ್ಲವೋ ಅಂತ. ಒಳಗೆ ಕೈ ಹಾಕಿ ನೋಡಿದವರು ಇವರೇ ಮೊದಲು.

ಅವರು ಹುಡುಕುತ್ತಿದ್ದದ್ದು ಸ್ನೆಲ್ ಚೀಟಿಯನ್ನು. ಅದರ ಕತೆ ಪ್ರತಿ ಹವ್ಯಾಸಿ ಚಾಲಕನಿಗೂ ಗೊತ್ತಿರಬೇಕು. ಪೀಟ್ ಸ್ನೆಲ್ ಅನ್ನುವವರು ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಹಾಗೇ ರಜಾ ದಿನಗಳಲ್ಲಿ ರೇಸ್ ಮಾಡುತ್ತಿದ್ದವರು. 1956ರಲ್ಲಿ ರೇಸಿನಲ್ಲಿ ಅವರ ಕಾರು ಉರುಳಿತು. ತಲೆ ಮೇಲೆ ಹೆಲ್ಮೆಟ್ ಇತ್ತು, ಆದರೆ ಅದು ಅವರನ್ನು ಉಳಿಸಲಿಲ್ಲ. ಮರುವರ್ಷ, 1957ರಲ್ಲಿ, ಅವರ ಗೆಳೆಯರು ಸೇರಿ ಅವರ ಹೆಸರಿನಲ್ಲೇ ಒಂದು ಸಂಸ್ಥೆ ಕಟ್ಟಿದರು. ಯಾವ ಹೆಲ್ಮೆಟ್ ನಿಜವಾಗಿ ತಲೆ ಕಾಯುತ್ತದೆ ಅಂತ ಪರೀಕ್ಷೆ ಮಾಡುವುದೇ ಅದರ ಕೆಲಸ. ಈ ಮಾನದಂಡವನ್ನು ಶುರು ಮಾಡಿದ್ದು ಸರ್ಕಾರ ಅಲ್ಲ, ಪೊಲೀಸರೂ ಅಲ್ಲ. ಗೆಳೆಯನನ್ನು ಕಳೆದುಕೊಂಡವರು.

ಸ್ನೆಲ್‌ನಲ್ಲಿ ಬೇರೆ ಬೇರೆ ದರ್ಜೆಗಳಿವೆ. ಎಂ ಅಂದರೆ ಮೋಟಾರ್ ಸೈಕಲ್‌ಗೆ, ಕೆ ಅಂದರೆ ಗೋ-ಕಾರ್ಟ್‌ಗೆ, ಎಸ್‌ಎ ಅಂದರೆ ಕಾರ್ ರೇಸಿಗೆ. ಬೈಕಿನದು ಕಡಿಮೆ, ಕಾರಿನದು ಹೆಚ್ಚು ಅಂತ ತಿಳಿದುಕೊಳ್ಳಬೇಡಿ. ಅಪಾಯ ಬೇರೆ, ಅದಕ್ಕೆ ಹೆಲ್ಮೆಟ್ಟೂ ಬೇರೆ. ಬೈಕಿನವನು ಬಿದ್ದರೆ ಗಾಡಿಯಿಂದ ದೂರ ಹೋಗಿ ಬೀಳುತ್ತಾನೆ. ಕಾರಿನವನು ಬೆಲ್ಟ್ ಬಿಗಿದುಕೊಂಡು ಒಳಗೇ ಇರುತ್ತಾನೆ. ಪೆಟ್ರೋಲಿಗೆ ಬೆಂಕಿ ಹತ್ತಿದರೆ ಒಂದೊಂದು ಸೆಕೆಂಡೂ ಲೆಕ್ಕಕ್ಕೆ ಬರುತ್ತದೆ. ಆಗ ಹೆಲ್ಮೆಟ್ಟಿನ ಒಳಗಿನ ಬಟ್ಟೆ ಕರಗಿ ಮುಖಕ್ಕೆ ಅಂಟಬಾರದು. ಅದಕ್ಕೇ ಎಸ್‌ಎ ಹೆಲ್ಮೆಟ್ಟಿಗೆ ಬೆಂಕಿಯ ಪರೀಕ್ಷೆ ಇದೆ. ಎಂ ಮತ್ತು ಕೆ ಹೆಲ್ಮೆಟ್‌ಗಳಿಗೆ ಇಲ್ಲ. ಐಎಸ್‌ಐ ಮಾರ್ಕಿಗೆ ಆಧಾರವಾದ ನಮ್ಮ ಐಎಸ್ 4151 ಮಾನದಂಡ ಕೂಡ ದ್ವಿಚಕ್ರದವರಿಗಾಗಿ ಬರೆದದ್ದು. ರಸ್ತೆಗೆ ಅದು ಬೇಕೇ ಬೇಕು, ಆದರೆ ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ರೇಸ್ ಕಾರು ಅಲ್ಲ.

ಇನ್ನೊಂದು ವಿಷಯ ರೋಲ್ ಕೇಜು. ಕಾರಿನೊಳಗೆ ಉಕ್ಕಿನ ಕೊಳವೆಗಳಿರುತ್ತವೆ. ಕಾರು ಪಲ್ಟಿ ಹೊಡೆದಾಗ ತಲೆ ಅದೇ ಕೊಳವೆಗೆ ಮತ್ತೆ ಮತ್ತೆ ಬಡಿಯಬಹುದು. ಎಸ್‌ಎ ಪರೀಕ್ಷೆಯಲ್ಲಿ ಅಂಥದ್ದೇ ಒಂದು ಸರಳಿಗೆ ಹೆಲ್ಮೆಟನ್ನು ಒಂದಕ್ಕಿಂತ ಹೆಚ್ಚು ಸಲ ಬಡಿಯುತ್ತಾರೆ. ಹೆಲ್ಮೆಟ್ ಒಳಗಿರುವುದು ನಾವು ಥರ್ಮಾಕೋಲ್ ಅನ್ನುತ್ತೇವಲ್ಲ, ಅದೇ ಜಾತಿಯ ಗಟ್ಟಿ ನೊರೆ. ಅದು ತಾನು ಜಜ್ಜಿಹೋಗಿ ತಲೆಗೆ ಬರುವ ಪೆಟ್ಟನ್ನು ಕಡಿಮೆ ಮಾಡುತ್ತದೆ. ಒಮ್ಮೆ ಜಜ್ಜಿದ ಮೇಲೆ ಹಿಂದಿನ ಹಾಗೆ ಉಬ್ಬುವುದಿಲ್ಲ. ಹೊರಗಿನ ಚಿಪ್ಪು ಹೊಳೆಯುತ್ತಿದ್ದರೂ ಒಳಗೆ ಕೆಲಸ ಮುಗಿದಿರುತ್ತದೆ. ಅದಕ್ಕೇ ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಬೇಡವೇ ಬೇಡ ಅನ್ನುತ್ತೇನೆ. ಕಾರು ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಟೈರೂ ತಗೊಳ್ಳಿ. ಹೆಲ್ಮೆಟ್ ಮಾತ್ರ ಹೊಸದೇ ಇರಲಿ.

ಚೀಟಿಯ ಮೇಲೆ ವರ್ಷ ಇರುತ್ತದೆ: ಎಸ್‌ಎ 2015, ಎಸ್‌ಎ 2020, ಎಸ್‌ಎ 2025. ಐದು ವರ್ಷಕ್ಕೊಮ್ಮೆ ಹೊಸದು ಬರುತ್ತದೆ. ಹೆಚ್ಚಿನ ಕ್ಲಬ್‌ಗಳು ಈಚಿನ ಎರಡು ಮೂರು ಆವೃತ್ತಿಗಳನ್ನಷ್ಟೇ ಒಪ್ಪುತ್ತವೆ. ಹೊಸದು ಬಂದಾಗ ಹಳೆಯದಕ್ಕೆ ಅಂಗಡಿಯವರು ರಿಯಾಯಿತಿ ಕೊಡುತ್ತಾರೆ. ಎಷ್ಟು ವರ್ಷ ನಡೆಯುತ್ತದೆ ಅಂತ ಲೆಕ್ಕ ಹಾಕಿ ತೆಗೆದುಕೊಳ್ಳಿ. ಆಟೋಕ್ರಾಸ್‌ನವರು ಎಂ ಹೆಲ್ಮೆಟನ್ನೂ ಒಪ್ಪುವುದುಂಟು, ಆದರೆ ಮುಂದೆ ಟ್ರ್ಯಾಕಿಗೆ ಹೋಗುವ ಆಸೆ ಇದ್ದರೆ ಮೊದಲೇ ಎಸ್‌ಎ ತೆಗೆದುಕೊಳ್ಳುವುದು ಒಳ್ಳೆಯದು. ಇಲ್ಲಿ ಸುಮಾರು 300 ಡಾಲರಿನಿಂದ ಸಿಗುತ್ತದೆ. ಸಾವಿರ ದಾಟಿದ ಕಾರ್ಬನ್ ಫೈಬರ್ ಹೆಲ್ಮೆಟ್ಟಿಗೂ ಅದೇ ಎಸ್‌ಎ ಚೀಟಿ ಇದ್ದರೆ ಎರಡೂ ಪಾಸಾಗಿರುವುದು ಒಂದೇ ಪರೀಕ್ಷೆಯಲ್ಲಿ. ಜಾಸ್ತಿ ದುಡ್ಡಿಗೆ ತೂಕ ಕಡಿಮೆಯಾಗುತ್ತದೆ, ಗಾಳಿ ಚೆನ್ನಾಗಿ ಆಡುತ್ತದೆ. ಕುತ್ತಿಗೆಗೆ ಅದು ಸಣ್ಣ ವಿಷಯವಲ್ಲ, ಆದರೆ ಮೊದಲ ಹೆಲ್ಮೆಟ್ಟಿಗೆ ಅದು ಬೇಕಾಗಿಲ್ಲ.

ಬೆಲೆಗಿಂತ ಅಳತೆ ಮುಖ್ಯ. ಆ ಹಾಸನದ ಹುಡುಗನನ್ನು ಮರುವಾರ ಮನೆಗೆ ಕರೆದೆ. ನನ್ನ ಹೆಂಡತಿಯ ಹೊಲಿಗೆ ಟೇಪಿನಲ್ಲಿ ಅವನ ತಲೆ ಅಳೆದೆವು. ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು, ಹಿಂದೆ ತಲೆ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿ ಹಾಯಿಸಿ, 58 ಸೆಂಟಿಮೀಟರ್. ಅವನು ಊರಿಂದ ತಂದ ಹೆಲ್ಮೆಟ್ 60ರದ್ದು. "ಲೂಸಾಗಿದ್ರೆ ಆರಾಮಾಗಿರುತ್ತೆ ಅಂತ ತಗೊಂಡೆ ಅಣ್ಣಾ" ಅಂದ. ನಮ್ಮಲ್ಲಿ ಇದೊಂದು ದೊಡ್ಡ ತಪ್ಪು ನಂಬಿಕೆ. ಬೆಳೆಯುವ ಮಕ್ಕಳಿಗೆ ಶಾಲೆಯ ಶೂ ಒಂದು ಸೈಜ್ ದೊಡ್ಡದು ಕೊಡಿಸುವ ಹಾಗೆ ಹೆಲ್ಮೆಟ್ಟನ್ನೂ ಕೊಳ್ಳುತ್ತೇವೆ. ಹೊಸ ರೇಸ್ ಹೆಲ್ಮೆಟ್ ಕೆನ್ನೆಯನ್ನು ಒತ್ತಿ ಹಿಡಿಯಬೇಕು. ಬಾಯಿ ಆಡಿಸಿದರೆ ಕೆನ್ನೆಯ ಒಳಭಾಗ ಹಲ್ಲಿಗೆ ತಾಗಬೇಕು. ಹೆಲ್ಮೆಟ್ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರೆ ಹಣೆಯ ಚರ್ಮ ಅದರ ಜೊತೆಗೇ ಸರಿಯಬೇಕು. ಗದ್ದದ ಪಟ್ಟಿ ಬಿಗಿದ ಮೇಲೆ ಹಿಂಭಾಗ ಹಿಡಿದು ಮೇಲಕ್ಕೆ ಎತ್ತಿದರೆ ಮುಂದಕ್ಕೆ ಉರುಳಿ ಕಳಚಿ ಬರಬಾರದು.

ಆಮೇಲೆ ಅದನ್ನು ಹಾಕಿಕೊಂಡು ಅರ್ಧ ಗಂಟೆ ಮನೆಯಲ್ಲಿ ಸುಮ್ನೆ ಕೂತಿರಿ. ತೆಗೆದಾಗ ಹಣೆಯ ಒಂದೇ ಕಡೆ ಕೆಂಪು ಗುರುತು, ನೋವು ಇದ್ದರೆ ಅಳತೆ ಸರಿಯಿದ್ದರೂ ಆಕಾರ ಸರಿಯಿಲ್ಲ ಅಂತ ಅರ್ಥ. ಕೆಲವರ ತಲೆ ದುಂಡಗೆ, ಕೆಲವರದು ಹಿಂದೆ ಮುಂದೆ ಉದ್ದ. ಕಂಪನಿಯಿಂದ ಕಂಪನಿಗೆ ಒಳಗಿನ ಅಚ್ಚು ಬೇರೆ. ಗೆಳೆಯನಿಗೆ ಸರಿಹೋದದ್ದು ನಿಮಗೆ ಸರಿಹೋಗಬೇಕಾಗಿಲ್ಲ. ಕನ್ನಡಕ ಹಾಕುವವರು ಕನ್ನಡಕದ ಜೊತೆಗೇ ನೋಡಿಕೊಳ್ಳಿ. ಕೊನೆಗೆ ನಿಮ್ಮ ಕಾರಿನಲ್ಲೇ ಕೂತು ನೋಡಿ. ಮಿಯಾಟಾದಂಥ ಸಣ್ಣ ಕಾರಿನಲ್ಲಿ ಎತ್ತರದವರ ಹೆಲ್ಮೆಟ್ ಛಾವಣಿಗೆ ತಾಗುತ್ತದೆ. ಮೇಲ್ಛಾವಣಿ ತೆಗೆಯುವ ಕಾರಾದರೆ ಟೆಕ್‌ನವರು ಸೀಟಿನ ಹಿಂದಿನ ಉಕ್ಕಿನ ಕಮಾನಿನಿಂದ, ಅಂದರೆ ರೋಲ್ ಬಾರ್‌ನಿಂದ, ಮುಂದಿನ ಗಾಜಿನ ಚೌಕಟ್ಟಿಗೆ ಒಂದು ಪೊರಕೆ ಕೋಲು ಇಟ್ಟು ನೋಡುತ್ತಾರೆ. ಹೆಲ್ಮೆಟ್ ಅದಕ್ಕಿಂತ ಕೆಳಗಿರಬೇಕು.

ಕುತ್ತಿಗೆಯ ರಕ್ಷಣೆಯ ಬಗ್ಗೆಯೂ ಹೇಳಲೇಬೇಕು, ಆ ಕತೆ ನಾನಿರುವ ಈ ರಾಜ್ಯದ ಹೆಮ್ಮೆ. ಜಿಮ್ ಡೌನಿಂಗ್ ಅನ್ನುವ ರೇಸರ್‌ನ ಗೆಳೆಯ ಪ್ಯಾಟ್ರಿಕ್ ಜಾಕ್ಮಾರ್ 1981ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಕಾರು ಒಮ್ಮೆಲೇ ನಿಂತಿತು, ಬೆಲ್ಟ್ ಮೈಯನ್ನು ಹಿಡಿಯಿತು, ತಲೆ ಮಾತ್ರ ಮುಂದಕ್ಕೆ ಹೋಯಿತು. ತಲೆಬುರುಡೆಯ ಬುಡವೇ ಮುರಿಯಿತು. ಡೌನಿಂಗ್ ತಮ್ಮ ಭಾವನನ್ನು ಕೇಳಿದರು. ಆ ಭಾವ ರಾಬರ್ಟ್ ಹಬ್ಬರ್ಡ್, ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಪ್ರೊಫೆಸರ್. ಅವರಿಬ್ಬರೂ ಸೇರಿ ಮಾಡಿದ್ದೇ ಹಾನ್ಸ್. ಹೆಗಲ ಮೇಲೆ ಕೂರುವ ಒಂದು ನೊಗದಂಥದ್ದು, ಹೆಲ್ಮೆಟ್ಟಿಗೆ ಎರಡು ಪಟ್ಟಿಗಳಿಂದ ಕಟ್ಟಿರುತ್ತದೆ. ವರ್ಷಗಟ್ಟಲೆ ಹೆಚ್ಚಿನವರು ಅದನ್ನು ಹಾಕಲೇ ಇಲ್ಲ. 2001ರ ಫೆಬ್ರವರಿಯಲ್ಲಿ ಡೇಟೋನಾ ರೇಸಿನಲ್ಲಿ ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡ ಮೇಲೆ ಎಲ್ಲರ ಕಣ್ಣು ತೆರೆಯಿತು. ಅದೇ ವರ್ಷ ಅಮೆರಿಕದ ಕಾರ್ ರೇಸ್ ಸಂಸ್ಥೆ ನಾಸ್ಕಾರ್, 2003ರಲ್ಲಿ ಫಾರ್ಮುಲಾ ಒನ್ ಇಂಥ ರಕ್ಷಣೆಯನ್ನು ಕಡ್ಡಾಯ ಮಾಡಿದವು. ಈಗಿನ ಎಸ್‌ಎ ಹೆಲ್ಮೆಟ್‌ಗಳಲ್ಲಿ ಅದರ ಕೊಂಡಿ ಹಾಕುವುದಕ್ಕೆ ತೂತುಗಳು ಇದ್ದೇ ಇರುತ್ತವೆ. ದಯವಿಟ್ಟು ಮನೆಯಲ್ಲಿ ಡ್ರಿಲ್ ಹಾಕಬೇಡಿ. ಮಾಮೂಲಿ ಹಾನ್ಸ್ ಕೆಲಸ ಮಾಡುವುದು ರೇಸ್ ಬೆಲ್ಟಿನ ಎರಡು ಪಟ್ಟಿಗಳು ಅದನ್ನು ಹೆಗಲಿಗೆ ಒತ್ತಿ ಹಿಡಿದಾಗ ಮಾತ್ರ, ಕಾರಿನ ಜೊತೆ ಬರುವ ಸೀಟ್ ಬೆಲ್ಟ್ ಜೊತೆ ಅಲ್ಲ.

ಈಗ ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ಹೋಲಿಕೆಗೆ ಬರುತ್ತೇನೆ. ಅಮೆರಿಕದವರಿಗೆ ಸುರಕ್ಷತೆಯ ಅರಿವು ಹೆಚ್ಚು, ನಮ್ಮವರಿಗೆ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇದೇ ಮಿಷಿಗನ್‌ನಲ್ಲಿ 2012ರಿಂದ, 21 ವರ್ಷ ತುಂಬಿದವರು ಕೆಲವು ಷರತ್ತು ಪೂರೈಸಿದರೆ ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಬಹುದು. ಓಡಿಸುತ್ತಾರೆ ಕೂಡ, ಹೆದ್ದಾರಿಯಲ್ಲಿ, ಕೂದಲು ಹಾರಿಸಿಕೊಂಡು. ನಮ್ಮ ಕರ್ನಾಟಕದಲ್ಲಿ 2016ರಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. 2021ರಿಂದ ಐಎಸ್‌ಐ ಇಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವ ಹಾಗೂ ಇಲ್ಲ. ಕಾಗದದ ಮೇಲೆ ನಮ್ಮದೇ ಕಟ್ಟುನಿಟ್ಟು. ಆದರೂ ನಾನು ಮೈಸೂರಿನಲ್ಲಿ ಓದುವಾಗ ಮೊದಲ ಹೆಲ್ಮೆಟ್ ಕೊಂಡದ್ದು ಫುಟ್‌ಪಾತಿನಲ್ಲಿ. ಮೂರನೇ ವಾರಕ್ಕೆ ಅದರ ಪಟ್ಟಿಯ ಬಕಲ್ ಮುರಿಯಿತು. ಆಮೇಲೂ ಎಂಟು ತಿಂಗಳು ಅದನ್ನೇ ಹಾಕಿಕೊಂಡು ಓಡಾಡಿದೆ. ನಾನು ಕೊಂಡದ್ದು ದಂಡ ತಪ್ಪಿಸಿಕೊಳ್ಳಲು, ಅದು ಆ ಕೆಲಸ ಮಾಡುತ್ತಿತ್ತು. ಅದನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

ಟ್ರ್ಯಾಕಿನಲ್ಲಿ ಹಾಗಾಗುವುದಿಲ್ಲ, ಯಾಕೆಂದರೆ ಅಲ್ಲಿ ಹೆಲ್ಮೆಟ್ ನೋಡುವವರು ನಮ್ಮವರೇ. ಬೆಳಿಗ್ಗೆ ಟೆಕ್ ಮೇಜಿನ ಹಿಂದೆ ನಿಂತವರೇ ಹನ್ನೊಂದು ಗಂಟೆಗೆ ಬಾವುಟ ಹಿಡಿದು ತಿರುವಿನಲ್ಲಿ ನಿಂತಿರುತ್ತಾರೆ. ಮಧ್ಯಾಹ್ನ ಅವರೂ ಕಾರು ಓಡಿಸುತ್ತಾರೆ. ನನ್ನ ಕಾರು ಮಗುಚಿದರೆ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿಬರುವವರು ಅವರೇ. ಹೀಗಿರುವಾಗ ಅವರು ನನ್ನ ಹೆಲ್ಮೆಟ್ ಒಳಗೆ ಕೈ ಹಾಕದೆ ಬಿಡುತ್ತಾರಾ?

ಊರಲ್ಲಿ ಈಗ ಇದಕ್ಕೆ ಒಳ್ಳೆಯ ಕಾಲ. ಬೆಂಗಳೂರಿನಿಂದ ಎಷ್ಟೋ ಹುಡುಗರು, ಹುಡುಗಿಯರು ತಮ್ಮ ಕಾರು ತೆಗೆದುಕೊಂಡು ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಹೋಗುತ್ತಾರೆ. ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ರ್‍ಯಾಲಿ ನೋಡಿ ಬೆಳೆದವರು ಅವರಲ್ಲಿ ಇದ್ದಾರೆ. ಅವರಲ್ಲಿ ನನ್ನ ಬೇಡಿಕೆ ಇಷ್ಟೇ. ಕಾರಿಗೆ ಎಕ್ಸಾಸ್ಟ್ ಹಾಕಿಸುವ ಮೊದಲು, ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ರೀಮ್ಯಾಪ್ ಮಾಡಿಸುವ ಮೊದಲು ಒಂದು ಎಸ್‌ಎ ಹೆಲ್ಮೆಟ್ ಕೊಳ್ಳಿ, ಇಲ್ಲವೇ ಜಾಗತಿಕ ಮೋಟಾರ್ ರೇಸಿಂಗ್ ಸಂಸ್ಥೆಯಾದ ಎಫ್‌ಐಎಯ 8859 ಗುರುತಿನದು. ತರಿಸಿಕೊಳ್ಳಬೇಕಾಗುತ್ತದೆ, ಸುಂಕ ಬೀಳುತ್ತದೆ, ಗೊತ್ತು. ಚೀಟಿ ನಕಲಿ ಇರಬಹುದು, ಆದ್ದರಿಂದ ಸ್ನೆಲ್‌ನವರ ಪಟ್ಟಿಯಲ್ಲಿ ಆ ಮಾದರಿಯ ಹೆಸರಿದೆಯಾ ನೋಡಿಕೊಳ್ಳಿ. ಮತ್ತೆ, ನಿಮ್ಮ ಗುಂಪಿನಲ್ಲಿ ಒಬ್ಬರು ಬೆಳಿಗ್ಗೆ ಎಲ್ಲರ ಹೆಲ್ಮೆಟ್ಟನ್ನೂ ತಲೆಕೆಳಗು ಮಾಡಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಆಯೋಜಕರು ನೋಡಲಿ, ಬಿಡಲಿ.

ನನ್ನ ಹೆಲ್ಮೆಟ್ ವಾಪಸ್ ಕೊಟ್ಟ ಆ ಹಿರಿಯರು ಈಗ ಓಡಿಸುವುದಿಲ್ಲ, ಮಂಡಿ ನೋವು. ಅವರ ಟಾರ್ಚ್ ಈಗ ನನ್ನ ಹತ್ತಿರ ಇದೆ. ವರ್ಷಕ್ಕೆ ನಾಲ್ಕೈದು ಸಲ ಆ ಮೇಜಿನ ಹಿಂದೆ ನಾನು ನಿಲ್ಲುತ್ತೇನೆ. ಮೊನ್ನೆ ಹಾಸನದ ಹುಡುಗ ಹೊಸ ಹೆಲ್ಮೆಟ್ ತಂದಿದ್ದ. ಕಪ್ಪು ಬಣ್ಣದ್ದು, ಸಾದಾ, 58ರದ್ದು. ಬಟ್ಟೆ ಸರಿಸಿ ಚೀಟಿ ನೋಡಿದೆ. ಗದ್ದದ ಪಟ್ಟಿಯನ್ನು ಅದರ ಎರಡೂ ಲೋಹದ ಬಳೆಗಳಲ್ಲಿ ತೂರಿಸಿ ಬಿಗಿಯಲು ಹೇಳಿದೆ. ಹಿಂದಿನಿಂದ ಹಿಡಿದು ಎತ್ತಿ ನೋಡಿದೆ. ಅಲುಗಲಿಲ್ಲ. ಅವನ ಕಾರಿನ ಗಾಜಿಗೆ ಪಾಸಾದ ಚೀಟಿ ಅಂಟಿಸಿ, ಮುಂದಿನವರನ್ನು ಕರೆದೆ.