ಪೆಟ್ರೋಲ್ ಏರಿದೆ, ಓಡಿಸುವ ರೂಢಿ ಬದಲಿಸಿದರೆ ಖರ್ಚು ಇಳಿದೀತೇ?

ಪರ: ಬೈಯುವ ಮೊದಲು ಚಕ್ರ ತಿರುಗಿಸಿ ನೋಡಿ

2021ರ ಜೂನ್‌ನಲ್ಲಿ ರಾಜ್ಯದಲ್ಲಿ ಪೆಟ್ರೋಲ್ ಮೊದಮೊದಲು ನೂರು ರೂಪಾಯಿ ದಾಟಿದ ಊರುಗಳಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿಯೂ ಒಂದು. ದೂರದ ಡಿಪೊದಿಂದ ಟ್ಯಾಂಕರ್ ಬರುವ ಸಾಗಾಟದ ದುಡ್ಡೂ ನಮ್ಮ ಲೀಟರಿನ ಮೇಲೇ ಬೀಳುತ್ತದೆ. ಆವತ್ತಿನಿಂದ ಇವತ್ತಿನವರೆಗೆ ಬಂಕಿನೆದುರು ನಿಂತು ಸರ್ಕಾರವನ್ನು ಬೈದವರು ಸಾವಿರ ಜನ. ಮನೆಗೆ ಹೋಗಿ ತಮ್ಮ ಗಾಡಿಯ ಹಿಂದಿನ ಚಕ್ರ ಸಲೀಸಾಗಿ ತಿರುಗುತ್ತದೆಯೇ ಎಂದು ನೋಡಿದವರು ಎಷ್ಟು ಮಂದಿ?

ಮೊದಲು ಅಳತೆಯ ಮಾತು. ‘ನನ್ನ ಗಾಡಿ ಐವತ್ತು ಕೊಡುತ್ತದೆ’ ಎನ್ನುವವರಲ್ಲಿ ಹೆಚ್ಚಿನವರು ಅಳೆದೇ ಇಲ್ಲ. ಅಳೆಯುವುದು ಹೀಗೆ: ಗಾಡಿಯನ್ನು ಮೇನ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಪಂಪಿನ ನಳಿಕೆ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಕಿ.ಮೀ. ಬರೆದಿಟ್ಟುಕೊಳ್ಳಿ. ಸ್ಕೂಟರಾದರೆ ನೂರೈವತ್ತು, ಕಾರಾದರೆ ಮುನ್ನೂರು ಕಿ.ಮೀ. ಓಡಿಸಿ, ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಹಾಗೆಯೇ ತುಂಬಿಸಿ. ಓಡಿದ ಕಿ.ಮೀ.ಯನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಒಂದು ಸಲ ಸೈಡ್ ಸ್ಟ್ಯಾಂಡ್, ಇನ್ನೊಂದು ಸಲ ಮೇನ್ ಸ್ಟ್ಯಾಂಡ್ ಮಾಡಿದರೆ ಸ್ಕೂಟರಿನ ಐದು ಲೀಟರಿನ ಟ್ಯಾಂಕಿನಲ್ಲಿ ಲೆಕ್ಕವೇ ಹಾಳು. ಮೂರು ಸಲ ಅಳೆದ ಮೇಲೆ ಬರುವ ಸರಾಸರಿಯನ್ನು ನಂಬಿ. ನೂರರ ಬದಲು ನೂರಾಹತ್ತು ರೂಪಾಯಿಗೆ ಹಾಕಿಸಿದರೆ ಹೆಚ್ಚು ಬರುತ್ತದೆ, ಬೆಳಿಗ್ಗೆ ತಂಪಿನಲ್ಲಿ ಹಾಕಿಸಿದರೆ ದಪ್ಪ ಪೆಟ್ರೋಲ್ ಸಿಗುತ್ತದೆ ಎಂಬ ಮಾತುಗಳಲ್ಲಿ ಹುರುಳಿಲ್ಲ. ಬಂಕಿನ ಟ್ಯಾಂಕು ನೆಲದಡಿ ಇರುತ್ತದೆ, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಲ್ಲಿನ ಬಿಸಿ ಹೆಚ್ಚು ಬದಲಾಗುವುದಿಲ್ಲ. ಅಳತೆಯ ಮೇಲೆ ಸಂಶಯ ಬಂದರೆ ಬಂಕಿನಲ್ಲಿರುವ ಐದು ಲೀಟರಿನ ಮಾಪಕದಲ್ಲಿ ಹಿಡಿದು ತೋರಿಸಿ ಎಂದು ಕೇಳಬಹುದು. ಗ್ರಾಹಕರಿಗೆ ಆ ಹಕ್ಕಿದೆ.

ಇನ್ನು ಚಕ್ರಕ್ಕೆ ಬರೋಣ. ನಮ್ಮ ಕರಾವಳಿಯಲ್ಲಿ ಪೆಟ್ರೋಲ್ ತಿನ್ನುವ ದೊಡ್ಡ ಕಳ್ಳ ಹಿಡಿದುಕೊಂಡ ಬ್ರೇಕು. ಉಪ್ಪುಗಾಳಿಗೆ ಮೂರು ತಿಂಗಳ ಮಳೆಯೂ ಸೇರಿದರೆ ಕಾರವಾರ, ಅಂಕೋಲಾ, ಹೊನ್ನಾವರದ ಗಾಡಿಗಳಲ್ಲಿ ಡ್ರಮ್ ಬ್ರೇಕಿನ ಶೂಗಳನ್ನು ಅಗಲಿಸುವ ಕ್ಯಾಮ್ ಬಿಗಿಯುತ್ತದೆ, ಡಿಸ್ಕ್ ಬ್ರೇಕಿನಲ್ಲಿ ಪ್ಯಾಡು ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳು ತುಕ್ಕು ಹಿಡಿಯುತ್ತವೆ. ಲಿವರ್ ಬಿಟ್ಟರೂ ಪ್ಯಾಡು ಪೂರ್ತಿ ಹಿಂದೆ ಸರಿಯುವುದಿಲ್ಲ. ಇಡೀ ದಿನ ಬ್ರೇಕ್ ಹಾಕಿಕೊಂಡೇ ಓಡಿಸಿದ ಹಾಗೆ. ಪತ್ತೆ ಮಾಡುವುದು ಸುಲಭ. ಮೇನ್ ಸ್ಟ್ಯಾಂಡ್ ಹಾಕಿ, ಚಕ್ರವನ್ನು ಕೈಯಿಂದ ಜೋರಾಗಿ ತಿರುಗಿಸಿ. ‘ಸರ್’ ಎಂದು ಉಜ್ಜಿ ಅರ್ಧ ಸುತ್ತಿಗೇ ನಿಂತರೆ ಬ್ರೇಕ್ ಹಿಡಿದಿದೆ ಎಂದರ್ಥ. ಕಾರಿಗಾದರೆ ಐದಾರು ಕಿ.ಮೀ. ಓಡಿಸಿ, ಕೊನೆಯ ಭಾಗದಲ್ಲಿ ಬ್ರೇಕ್ ಆದಷ್ಟು ಮುಟ್ಟದೆ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಬೇರೆಯವಕ್ಕಿಂತ ಬಿಸಿಯಾಗಿದ್ದರೆ ಅಲ್ಲೇ ದೋಷ. ಪಿನ್ನು ಬಿಚ್ಚಿ ತುಕ್ಕು ತೆಗೆದು ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಬೇಕು. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಬೂಟು ಉಬ್ಬಿ ಮತ್ತೆ ಹಿಡಿಯುತ್ತದೆ. ಮಳೆಗಾಲದಲ್ಲಿ ನಾಲ್ಕು ದಿನ ಕಾರು ತೆಗೆಯುವುದಿಲ್ಲ ಎಂದಾದರೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮನೆಲದಲ್ಲಿ ನಿಲ್ಲಿಸಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು.

ಟಯರಿನ ಗಾಳಿಯನ್ನು ತಣ್ಣಗಿರುವಾಗಲೇ ನೋಡಬೇಕು. ಇಪ್ಪತ್ತು ಕಿ.ಮೀ. ಓಡಿಸಿ ಪೇಟೆಗೆ ಬಂದು ಪಂಚರಂಗಡಿಯಲ್ಲಿ ಅಳೆದರೆ ಮೂರು ನಾಲ್ಕು ಪಿಎಸ್ಐ ಹೆಚ್ಚು ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಡುವವರಿದ್ದಾರೆ, ಮರುದಿನ ಬೆಳಿಗ್ಗೆ ಟಯರ್ ಮೆತ್ತಗಾಗಿರುತ್ತದೆ. ಹಿಂದೆ ಒಬ್ಬರು ಕೂರುವುದಾದರೆ, ಅಡಿಕೆ ಚೀಲ ಹೇರುವುದಾದರೆ ಹಿಂದಿನ ಟಯರಿಗೆ ಎಷ್ಟು ಎಂದು ಗಾಡಿಯ ಮೇಲೆಯೇ ಚೀಟಿ ಅಂಟಿಸಿರುತ್ತಾರೆ. ಚೈನ್ ಇರುವ ಬೈಕಿಗೆ ಐನೂರು ಕಿ.ಮೀ.ಗೊಮ್ಮೆ ಎಣ್ಣೆ ಬಿಡಬೇಕು, ನಡುವೆ ಎರಡು ಮೂರು ಸೆಂಟಿಮೀಟರ್ ಸಡಿಲ ಇರಬೇಕು. ಮಳೆಗಾಲದಲ್ಲಿ ಇನ್ನೂ ಬೇಗ.

ಏರ್ ಫಿಲ್ಟರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಚಿರೇಕಲ್ಲಿನ ಕೆಂಪು ಧೂಳು, ರಸ್ತೆ ಅಗಲೀಕರಣದ ಧೂಳು ಕುಡಿದ ಫಿಲ್ಟರನ್ನು ಗ್ಯಾರೇಜಿನಲ್ಲಿ ಗಾಳಿ ಹೊಡೆದು ವಾಪಸ್ ಹಾಕುತ್ತಾರೆ. ಈಗಿನ ಹೆಚ್ಚಿನ ಸ್ಕೂಟರಿನಲ್ಲಿರುವುದು ಎಣ್ಣೆ ಲೇಪದ ಕಾಗದದ ಫಿಲ್ಟರ್. ಗಾಳಿ ಹೊಡೆದರೆ ಧೂಳು ಒಳಗೇ ಸೇರುತ್ತದೆ, ಬದಲಿಸುವುದೊಂದೇ ದಾರಿ. ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿಯಲ್ಲಿ ಫಿಲ್ಟರ್ ಕಟ್ಟಿದರೆ ಪ್ಲಗ್ ಮಸಿಯಾಗಿ ಕಪ್ಪಗೆ ಬರುತ್ತದೆ. ಸರಿಯಿದ್ದರೆ ಬಿಸ್ಕತ್ತಿನ ಬಣ್ಣ.

ಈಗ ಘಟ್ಟ. ದೇವಿಮನೆಯಾಗಲಿ, ಅರಬೈಲಾಗಲಿ, ಇಳಿಯುವಾಗ ನ್ಯೂಟ್ರಲ್ ಮಾಡುವುದು ನಮ್ಮ ಜಿಲ್ಲೆಯ ಹಳೆಯ ಚಟ. ಕಂಪ್ಯೂಟರು ಅಳೆದು ಪೆಟ್ರೋಲ್ ಬಿಡುವ ಇಂಜೆಕ್ಷನ್ ಗಾಡಿಯಲ್ಲಿ ಇದು ಪೂರಾ ನಷ್ಟ. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಚಕ್ರವೇ ಎಂಜಿನನ್ನು ತಿರುಗಿಸುತ್ತದೆ, ಕಂಪ್ಯೂಟರು ಪೆಟ್ರೋಲನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಂತೆ ಇಳಿಜಾರಿನುದ್ದಕ್ಕೂ ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ಮೇಲಾಗಿ ಬ್ರೇಕ್ ಕಾದು, ಎಣ್ಣೆಯಲ್ಲಿ ನೀರಿನಂಶ ಇದ್ದರೆ ಕುದಿದು ಗುಳ್ಳೆಯೆದ್ದು, ಪೆಡಲು ಸ್ಪಂಜಿನಂತಾಗುತ್ತದೆ. ಗೇರಿಲ್ಲದ ಸ್ಕೂಟರಿನವರಿಗೆ ಬೇರೆ ಪಾಠ. ವೇಗ ತೀರಾ ಇಳಿದರೆ ಅದರ ಕ್ಲಚ್ ತಾನಾಗಿ ಬಿಟ್ಟುಕೊಂಡು ಗಾಡಿ ಹಗುರಾಗಿ ಓಡತೊಡಗುತ್ತದೆ. ಆಗ ಚೂರೇ ಚೂರು ಆಕ್ಸಿಲರೇಟರ್ ಕೊಟ್ಟು ಬಿಟ್ಟರೆ ಕ್ಲಚ್ ಮತ್ತೆ ಹಿಡಿಯುತ್ತದೆ. ಹತ್ತುವಾಗ ತಿರುವಿನ ಮೊದಲೇ ಗೇರ್ ಇಳಿಸಬೇಕು. ತಿರುವಿನ ನಡುವೆ ಹಾಫ್ ಕ್ಲಚ್‌ನಲ್ಲಿ ಒದರಿಸುವವರ ಕ್ಲಚ್ ವಾಸನೆ ಹಿಂದಿನ ಗಾಡಿಯವರಿಗೂ ಬರುತ್ತದೆ. ಮೂರನೇ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಪ್ಲೇಟು ಸವೆದಿದೆ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನೂರರ ಮೇಲೆ ಹೋಗುವವರಿಗೆ ಹೇಳುವುದು ಇಷ್ಟೇ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ: ಎಂಬತ್ತರಿಂದ ನೂರಕ್ಕೆ ಹೋದರೆ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಭಟ್ಕಳದಿಂದ ಕಾರವಾರಕ್ಕೆ ಅಷ್ಟು ಒತ್ತಿ ಉಳಿಸಿದ ನಿಮಿಷಗಳು ಟೋಲಿನ ಸಾಲಿನಲ್ಲಿ ಖರ್ಚಾಗುತ್ತವೆ.

ಗೋವಾ ಪೆಟ್ರೋಲಿನ ಲೆಕ್ಕವನ್ನೂ ಮಾಡಿಬಿಡೋಣ. ಗಡಿಯಾಚೆ ಲೀಟರಿಗೆ ಏಳು ರೂಪಾಯಿ ಕಡಿಮೆ ಎಂದು ಹಿಡಿಯಿರಿ. ಕಾರವಾರ ಪೇಟೆಯಿಂದ ಮಾಜಾಳಿ ದಾಟಿ ಗೋವಾದ ಪೋಳೆಂವರೆಗೆ ಹೋಗಿ ಬರಲು ಸುಮಾರು 30 ಕಿ.ಮೀ. ಲೀಟರಿಗೆ 16 ಕೊಡುವ ಕಾರಿಗೆ 30 ಲೀಟರ್ ತುಂಬಿಸಿದರೆ ಉಳಿಯುವುದು 210 ರೂಪಾಯಿ, ಹೋಗಿ ಬರಲು ಸುಡುವುದು ಹೆಚ್ಚು ಕಡಿಮೆ 180. ಸ್ಕೂಟರಿನಲ್ಲಿ ಐದು ಲೀಟರಿಗೆ 35 ಉಳಿಸಲು 65 ರೂಪಾಯಿ ಸುಡುತ್ತೀರಿ. ಸದಾಶಿವಗಡ, ಮಾಜಾಳಿಯವರಿಗೆ, ಕಾಣಕೋಣಕ್ಕೆ ಕೆಲಸಕ್ಕೆ ಹೋಗುವವರಿಗೆ ಇದು ಲಾಭ. ಉಳಿದವರಿಗೆ ತಿರುಗಾಟ. ಇನ್ನು ಕ್ಯಾನಿನಲ್ಲಿ ತುಂಬಿ ತರುವ ಬುದ್ಧಿವಂತರಿಗೆ ಅಗ್ನಿಶಾಮಕ ದಳದವರೇ ಹೇಳಬೇಕು.

ಕೊನೆಯದು, ದುಡ್ಡು ಹೆಚ್ಚು ಉಳಿಯುವುದು ಇಲ್ಲಿ. ಶಿರಸಿ ಪೇಟೆಯಿಂದ 22 ಕಿ.ಮೀ. ಒಳಗಿನ ಮನೆ, ಲೀಟರಿಗೆ 40 ಕೊಡುವ ಸ್ಕೂಟರ್, ಪೆಟ್ರೋಲ್ 104 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಸಲ ಹೋಗಿ ಬಂದರೆ 114 ರೂಪಾಯಿ. ಸೋಮವಾರ ಬ್ಯಾಂಕು, ಬುಧವಾರ ಸೊಸೈಟಿ, ಗುರುವಾರ ಮೋಟರಿನ ಕೆಪಾಸಿಟರ್, ಶನಿವಾರ ಕೊತ್ತಂಬರಿ ಸೊಪ್ಪು. ಈ ನಾಲ್ಕನ್ನು ಎರಡು ಸಲಕ್ಕೆ ಒಟ್ಟು ಹಾಕಿದರೆ ತಿಂಗಳಿಗೆ ಒಂಬೈನೂರು ರೂಪಾಯಿ ಉಳಿಯುತ್ತದೆ. ಬಸ್ಸಿಲ್ಲ, ಬಸ್ಸಿಲ್ಲ ಎಂದು ಹಾಡುವವರು ಬಸ್ಸು ಬಂದಾಗಲೂ ಕೊತ್ತಂಬರಿಗೆ ಸ್ಕೂಟರ್ ತೆಗೆಯುವವರೇ.

ವಿರೋಧ: ಘಟ್ಟಕ್ಕೆ ರೂಢಿ ಗೊತ್ತಿಲ್ಲ

ಈ ಚರ್ಚೆಯಲ್ಲಿ ವಿರೋಧದ ವಾದ ನನ್ನ ಪಾಲಿಗೆ ಹಂಚಿಕೆಯಾಗಿ ಬಂದದ್ದು. ಟಯರಿಗೆ ಗಾಳಿ ತುಂಬಿಸಬೇಡಿ ಎಂದು ವಾದಿಸಲು ನನಗೂ ಬಾಯಿ ಬರುವುದಿಲ್ಲ. ತುಂಬಿಸಿ. ಆದರೆ ಗಾಳಿ ತುಂಬಿಸಿದರೆ ಮನೆಯ ಖರ್ಚು ಇಳಿಯುತ್ತದೆ ಎನ್ನುವವರು ಈ ಜಿಲ್ಲೆಯ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಬೇಕು.

ಕುಮಟಾದಿಂದ ಶಿರಸಿಗೆ 60 ಕಿ.ಮೀ., ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ನಾಲ್ಕು ಜನ ಕೂತ ಸಣ್ಣ ಕಾರೆಂದರೆ 1,200 ಕಿಲೋ. ಅಷ್ಟು ಭಾರವನ್ನು ಅಷ್ಟೆತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಸುಮಾರು ಏಳು ಮೆಗಾಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ 32ರಷ್ಟು ಇದ್ದರೂ ಎಂಜಿನ್ ಚಕ್ರಕ್ಕೆ ತಲುಪಿಸುವುದು ಕಾಲು ಭಾಗ. ಅಂದರೆ ಬರೀ ಎತ್ತರಕ್ಕೇ ಹತ್ತಿರ ಹತ್ತಿರ ಒಂದು ಲೀಟರ್. ಮುಂದಕ್ಕೆ ಓಡುವ ಖರ್ಚು ಬೇರೆ. ಎಷ್ಟು ನಾಜೂಕಿನ ಡ್ರೈವರ್ ಬಂದರೂ ಈ ಲೀಟರಿನಲ್ಲಿ ರಿಯಾಯಿತಿ ಇಲ್ಲ.

ಎರಡನೆಯದು ತೆರಿಗೆ. 2024ರ ಜೂನ್ 15ರಂದು ರಾಜ್ಯ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಒಂದೇ ದಿನ ಲೀಟರಿಗೆ ಮೂರು ರೂಪಾಯಿ. 2025ರ ಏಪ್ರಿಲ್ 1ರಿಂದ ಡೀಸೆಲ್ ಮೇಲಿನದು ಶೇ 21.17 ಆಯಿತು, ಲೀಟರಿಗೆ ಇನ್ನೆರಡು ರೂಪಾಯಿ. ಇದರ ಮೇಲೆ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಅದಕ್ಕೆ ತಕ್ಕ ಹೊಂದಾಣಿಕೆ ಇಲ್ಲದ ಹಳೆಯ ಗಾಡಿಗಳಲ್ಲಿ ಮೈಲೇಜ್ ಶೇ 3ರಿಂದ 6ರವರೆಗೆ ಇಳಿಯಬಹುದೆಂದು ಸರ್ಕಾರದ ಕಡೆಯವರೇ ಹೇಳಿದ್ದಾರೆ. ತಿಂಗಳಿಗೆ 30 ಲೀಟರ್ ಸುಡುವ ಮನೆಯವರು ಗಾಳಿ, ಫಿಲ್ಟರ್, ಬ್ರೇಕ್ ಎಲ್ಲ ನೋಡಿ ಶೇ 5 ಉಳಿಸಿದರು ಎನ್ನಿ: ಒಂದೂವರೆ ಲೀಟರ್, 156 ರೂಪಾಯಿ. ಅದರಲ್ಲಿ 90 ರೂಪಾಯಿ ಜೂನ್ 15ರ ಮೂರು ರೂಪಾಯಿಗೇ ಹೋಯಿತು, ಉಳಿದದ್ದನ್ನು ಎಥೆನಾಲ್ ಕುಡಿಯಿತು. ಚಕ್ರ ತಿರುಗಿಸಿ ನೋಡಿದ್ದಕ್ಕೆ ಸಿಕ್ಕಿದ್ದು ಕೈಗಂಟಿದ ಗ್ರೀಸ್.

ನಾಲ್ಕು ಕೆಲಸ ಒಟ್ಟು ಹಾಕಿ ಒಂಬೈನೂರು ಉಳಿಸಿ ಎನ್ನುವವರೂ ಇದ್ದಾರೆ. ಮಗುವಿಗೆ ಮಂಗಳವಾರ ರಾತ್ರಿ ಜ್ವರ ಬಂದರೆ, ಸೊಸೈಟಿಯ ಕೆಲಸ ಶನಿವಾರಕ್ಕಿದೆ, ಅಲ್ಲಿಯವರೆಗೆ ತಡೆದುಕೋ ಎನ್ನಬೇಕೇನೋ.

ಬಸ್ಸಿನ ಮಾತನ್ನು ಹಾಡು ಎಂದು ತಳ್ಳಿಹಾಕುವುದು ಪೇಟೆಯವರಿಗೆ ಸುಲಭ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ಬಹಳ ಮನೆಗಳಿಗೆ ಇದರಿಂದ ದೊಡ್ಡ ಉಪಕಾರವಾಗಿದೆ, ಅದನ್ನು ಒಪ್ಪಲೇಬೇಕು. ಆದರೆ ಆ ಉಪಕಾರ ಬಸ್ಸು ಹೋಗುವಷ್ಟು ದೂರಕ್ಕೆ ಮಾತ್ರ. ರಾತ್ರಿ ಊರಿನಲ್ಲಿ ಉಳಿಯುವ ಹಾಲ್ಟಿಂಗ್ ಬಸ್ಸು ಬೆಳಿಗ್ಗೆ ಹೊರಟುಬಿಟ್ಟರೆ ಒಳಹಳ್ಳಿಗಳಿಗೆ ಮತ್ತೆ ಸಂಜೆಯೇ. ಅದರಲ್ಲಿ ಹೋದವರಿಗೆ ಹತ್ತು ನಿಮಿಷದ ಕೆಲಸಕ್ಕೆ ಇಡೀ ದಿನ ಪೇಟೆಯಲ್ಲಿ ಊಟ, ಎರಡು ಚಾ. ಹೆಂಡತಿ ಬಸ್ಸಿನಲ್ಲಿ, ಗಂಡ ಅವಳನ್ನು ಮೂರು ಕಿ.ಮೀ. ದೂರದ ಕ್ರಾಸಿಗೆ ಬೈಕಿನಲ್ಲಿ ಬಿಟ್ಟು ಬರುವುದು, ಸಂಜೆ ಮತ್ತೆ ಕರೆತರುವುದು: ದಿನಕ್ಕೆ 12 ಕಿ.ಮೀ. ಇಲ್ಲೇ ಆಯಿತು. ಶಿರಸಿಗೆ ರೈಲಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಅಜ್ಜನ ಕಾಲದಿಂದ ಬರುತ್ತಲೇ ಇದೆ. ಕೊಂಕಣ ರೈಲಿನಲ್ಲಿ ಕಾರವಾರಕ್ಕೆ ಬಂದರೂ ಇಳಿಯುವುದು ಶಿರವಾಡದಲ್ಲಿ, ಅಲ್ಲಿಂದ ಪೇಟೆಗೆ ರಿಕ್ಷಾ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ಸಹಿ ಬೇಕಾದರೆ ಶಿರಸಿಯವರು ನೂರು ಕಿ.ಮೀ.ಗೂ ಮಿಕ್ಕಿ ಬರಬೇಕು, ಮುಂಡಗೋಡಿನವರು ಇನ್ನೂ ಹೆಚ್ಚು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ, ಆಮೇಲೆ ದೇವಿಮನೆ ಘಟ್ಟ ರಸ್ತೆ ಕೆಲಸಕ್ಕೆಂದು ಬಂದ್ ಆದಾಗ, ಜನ ಸುತ್ತು ಹಾಕಿದ ಕಿ.ಮೀ. ಯಾವ ರೂಢಿಯಿಂದ ಉಳಿಯಬೇಕಿತ್ತು?

ಖರ್ಚಿನ ರೂಢಿ ಬದಲಾಗಿಲ್ಲ ಎಂದಲ್ಲ. ಬದಲಾದದ್ದು ಬೇರೆ ಕಡೆ. ಡೀಸೆಲ್ ಏರಿದಾಗ ತದಡಿ, ಬೈತಖೋಲ ಬಂದರುಗಳಿಂದ ಘಟ್ಟ ಹತ್ತುವ ಮೀನಿನ ಗಾಡಿಯವರು ಬಾಡಿಗೆಯನ್ನು ಬಂಗಡೆಯ ಮೇಲೆ ಹಾಕುತ್ತಾರೆ, ಐಸಿನ ದರವನ್ನೂ. ನೂರು ರೂಪಾಯಿಯ ಪಾಲಿನಲ್ಲಿ ಒಂದು ಮೀನು ಕಡಿಮೆ ಬೀಳುತ್ತದೆ, ಅಷ್ಟೇ. ತೋಟದಲ್ಲಿ ಕಳೆ ಕತ್ತರಿಸುವ ಯಂತ್ರಕ್ಕೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪಿಗೆ ಪೆಟ್ರೋಲ್ ಬೇಕೇ ಬೇಕು. ಮೊದಲ ಮಳೆಗೆ ಮುನ್ನ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕದಡಿಟ್ಟ ಮೇಲೆ ಆ ದಿನವೇ ಹೊಡೆದು ಮುಗಿಸಬೇಕು, ಪೆಟ್ರೋಲ್ ಅಗ್ಗವಾಗಲಿ ಎಂದು ಡ್ರಮ್ಮು ಮುಚ್ಚಿಡಲಾಗದು. ಜನ ಕಡಿಮೆ ಮಾಡಿದ್ದು ನೆಂಟರ ಮನೆಯನ್ನು. ಹೊನ್ನಾವರದ ಕಡೆಯ ಉಪನಯನಕ್ಕೆ ಮೊದಲು ಎರಡು ಕಾರು ಘಟ್ಟ ಇಳಿಯುತ್ತಿದ್ದವು. ಈಗ ಒಂದರಲ್ಲೇ ಆರು ಜನ ಇಕ್ಕಟ್ಟಾಗಿ ಕೂತು, ಉಳಿದವರ ಉಡುಗೊರೆ ಕವರುಗಳನ್ನು ಡ್ಯಾಶ್‌ಬೋರ್ಡಿನೊಳಗೆ ಹಾಕಿಕೊಂಡು ಹೋಗುತ್ತಾರೆ.