ಓಪನಿಂಗ್ ಡೇಗೆ ಅಮೆರಿಕದಲ್ಲಿ ಸರ್ಕಾರಿ ರಜೆ ಇಲ್ಲ

‘ಬೇಸ್‌ಬಾಲ್ ಸೀಸನ್ ಶುರುವಾಗುವ ದಿನ, ಅಂದರೆ ಓಪನಿಂಗ್ ಡೇ, ಅಮೆರಿಕದಲ್ಲಿ ಸರ್ಕಾರಿ ರಜೆ’ ಎಂಬ ಸಂದೇಶ ಹರಿದಾಡುತ್ತಿದೆ. ಅದು ತಪ್ಪು. 2014ರಲ್ಲಿ ಹಳೆಯ ಆಟಗಾರ ಆಜೀ ಸ್ಮಿತ್ ಮತ್ತು ಬಿಯರ್ ಕಂಪನಿ ಬಡ್‌ವೈಸರ್ ಸೇರಿ ರಜೆ ಕೇಳಿ ಅರ್ಜಿ ಹಾಕಿದ್ದು ನಿಜ. 1 ಲಕ್ಷಕ್ಕೂ ಜಾಸ್ತಿ ಸಹಿ ಬಿದ್ದವು. ಆದರೆ ರಜೆ ಕೊಡುವುದು ಅಲ್ಲಿನ ಸಂಸತ್ತಿನ ಕೆಲಸ ಎಂದು ಶ್ವೇತಭವನ ಹೇಳಿತು. ಮಾತು ಅಲ್ಲಿಗೇ ನಿಂತಿತು.

ಗೊಂದಲ ಸುಮ್ನೆ ಹುಟ್ಟಿದ್ದಲ್ಲ ಬಿಡಿ. ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಆ ದಿನ ಊರಹಬ್ಬವೇ. ಅಲ್ಲಿನ ಫಿಂಡ್ಲೇ ಮಾರ್ಕೆಟ್‌ನ ಮೆರವಣಿಗೆ ಶುರುವಾಗಿದ್ದು 1920ರಲ್ಲಿ. ಇವತ್ತಿಗೂ ಊರಿನ ಬೇಸ್‌ಬಾಲ್ ತಂಡ ರೆಡ್ಸ್‌ನ ಕೆಂಪು ಅಂಗಿ, ಕೆಂಪು ಟೋಪಿ ತೊಟ್ಟವರು ಬೀದಿ ತುಂಬುತ್ತಾರೆ. ಎಷ್ಟೋ ಮಕ್ಕಳು ಶಾಲೆಗೆ ಚಕ್ಕರ್ ಹೊಡೆಯುತ್ತಾರೆ. ಅಪ್ಪ ಅಮ್ಮನೂ ಅದೇ ಮೆರವಣಿಗೆಯಲ್ಲಿದ್ದರೆ ಬೈಯುವವರು ಯಾರು, ಅಲ್ವಾ?