ವೃತ್ತಾಕಾರದ ಆರ್‌ಎನ್‌ಎ ಹೆಚ್ಚಿದ್ದರೆ ವೈರಸ್ ಸಾಯುತ್ತದೆಯೇ?

‘ಜೀವಕೋಶದಲ್ಲಿರುವ ವೃತ್ತಾಕಾರದ ಆರ್‌ಎನ್‌ಎ ವೈರಸ್‌ಗಳನ್ನು ನೇರವಾಗಿ ಕೊಲ್ಲುತ್ತದೆ, ಅದು ಹೆಚ್ಚಿದಷ್ಟೂ ರೋಗನಿರೋಧಕ ಶಕ್ತಿ ಹೆಚ್ಚು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಆರ್‌ಎನ್‌ಎ ಎಂದರೆ ಡಿಎನ್‌ಎಯಲ್ಲಿರುವ ಮಾಹಿತಿಯ ನಕಲಾಗಿ ಕೋಶದಲ್ಲಿ ತಯಾರಾಗುವ ಎಳೆಯಂಥ ಅಣು. ವೃತ್ತಾಕಾರದ ಆರ್‌ಎನ್‌ಎ ನಮ್ಮಲ್ಲಿ ಇರುವುದು ನಿಜ. ಉಳಿದದ್ದು ಹೆಚ್ಚುಕಮ್ಮಿ ತಲೆಕೆಳಗು.

2019ರಲ್ಲಿ ಶಾಂಘೈನ ಲಿಂಗ್-ಲಿಂಗ್ ಚೆನ್ ಅವರ ತಂಡ ‘ಸೆಲ್’ ಪತ್ರಿಕೆಯಲ್ಲಿ ತೋರಿಸಿದ್ದು ಇದು: ಎರಡೂ ತುದಿ ಕೂಡಿಕೊಂಡ ಈ ಆರ್‌ಎನ್‌ಎಗಳಲ್ಲಿ ಹಲವು ತಮ್ಮೊಳಗೇ ಮಡಚಿಕೊಂಡು, ಆರ್‌ಎನ್‌ಎ ‘ಅಕ್ಷರ’ಗಳ 16ರಿಂದ 26 ಜೋಡಿಗಳಷ್ಟು ಉದ್ದದ ಎರಡೆಳೆಯ ಭಾಗಗಳನ್ನು ಮಾಡಿಕೊಳ್ಳುತ್ತವೆ, ಪಿಕೆಆರ್ ಎಂಬ ಪ್ರೋಟೀನಿಗೆ ಅಂಟಿ ಅದನ್ನು ಸುಮ್ಮನಿರಿಸುತ್ತವೆ. ವೈರಸ್ ಹೊಕ್ಕಾಗ ಆರ್‌ಎನ್‌ಏಸ್-ಎಲ್ ಎಂಬ ಕಿಣ್ವ ಈ ವೃತ್ತಗಳನ್ನು ಕತ್ತರಿಸುತ್ತದೆ. ಹಗ್ಗ ಬಿಚ್ಚಿದ ಕಾವಲು ನಾಯಿಯಂತೆ ಪಿಕೆಆರ್ ಎದ್ದು, ಕೋಶದ ಪ್ರೋಟೀನ್ ತಯಾರಿಕೆಗೇ ತಡೆ ಹಾಕುತ್ತದೆ. ವೈರಸ್‌ಗೆ ತನ್ನ ಪ್ರತಿಗಳನ್ನು ಮಾಡಿಕೊಳ್ಳುವುದು ಕಷ್ಟವಾಗುತ್ತದೆ. ಅಂದರೆ ಇಲ್ಲಿ ರಕ್ಷಣೆ ಚುರುಕಾಗುವುದು ವೃತ್ತಗಳು ಕರಗಿದಾಗ!

ಹಾಗೆಂದು ಕಡಿಮೆ ಇದ್ದರೆ ಒಳ್ಳೆಯದೆಂದೂ ಅಲ್ಲ. ದೇಹ ತನ್ನ ಮೇಲೆಯೇ ತಿರುಗಿಬೀಳುವ ಲೂಪಸ್ ಕಾಯಿಲೆಯವರ ರಕ್ತಕೋಶಗಳಲ್ಲಿ ಇವು ಕಡಿಮೆ, ಪಿಕೆಆರ್ ಅತಿಯಾಗಿ ಚುರುಕು ಎಂದು ಅದೇ ಅಧ್ಯಯನ ಹೇಳಿದೆ.

ಗೊಂದಲಕ್ಕೆ ಲಸಿಕೆಯ ಸುದ್ದಿಯೂ ಕಾರಣವಿರಬಹುದು. 2022ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ತಂಡ ವೃತ್ತಾಕಾರದ ಆರ್‌ಎನ್‌ಎ ಬಳಸಿದ ಕೋವಿಡ್ ಲಸಿಕೆಯನ್ನು ಇಲಿ ಮತ್ತು ರೀಸಸ್ ಕೋತಿಗಳಲ್ಲಿ ಪರೀಕ್ಷಿಸಿತ್ತು. ಆ ಆರ್‌ಎನ್‌ಎ ಪ್ರಯೋಗಾಲಯದಲ್ಲಿ ತಯಾರಿಸಿದ್ದು. ವೈರಸ್‌ನ ಸ್ಪೈಕ್ ಪ್ರೋಟೀನಿನ ಮಾಹಿತಿ ಒಯ್ಯುವುದಷ್ಟೇ ಅದರ ಕೆಲಸ. ಕಾದಾಡುವುದು ಆಮೇಲೆ ಹುಟ್ಟುವ ಪ್ರತಿಕಾಯಗಳು ಮತ್ತು ಟಿ ಕೋಶಗಳು.

ಇನ್ನು ಆಹಾರದಿಂದ ಇದನ್ನು ‘ಹೆಚ್ಚಿಸಿಕೊಳ್ಳುವ’ ಮಾತು: ತಿಂದ ಆರ್‌ಎನ್‌ಎ ಕರುಳಿನಲ್ಲಿ ಒಡೆದು ಜೀರ್ಣವಾಗುತ್ತದೆ. ದುಡ್ಡು ಕಳೆದುಕೊಳ್ಳಬೇಡಿ.